ಕಿಡಿ ಎಲ್ಲಿ ತಪ್ಪಿತು?

ಹಿಂದವಾಡಿಯಿಂದ ಖಾನಾಪುರ ರಸ್ತೆ ಹಿಡಿದು ಹೊರಟರೆ ಉದ್ಯಮಬಾಗ ದಾಟಿದ ಮೇಲೆ ಪೀರನವಾಡಿಯಲ್ಲಿ ದಾರಿ ಎರಡಾಗಿ ಒಡೆಯುತ್ತದೆ. ಒಂದು ಖಾನಾಪುರ, ಲೋಂಡಾಗಳತ್ತ ಹೋದರೆ ಇನ್ನೊಂದು ಜಾಂಬೋಟಿ, ಕಣಕುಂಬಿಗಳನ್ನು ಹಾಯ್ದು ಚೋರ್ಲಾ ಘಾಟಿನಿಂದ ಗೋವೆಗೆ ಇಳಿಯುತ್ತದೆ. ಮಲಪ್ರಭೆ ಹುಟ್ಟುವ ಕಣಕುಂಬಿ ಬೆಳಗಾವಿ ಜಿಲ್ಲೆಯಲ್ಲಿ ಅತಿ ಹೆಚ್ಚು ಮಳೆ ಸುರಿಯುವ ಜಾಗಗಳಲ್ಲೊಂದು. ಅಂಬಾಸಿಡರ್, ಫಿಯೆಟ್‌ಗಳ ಕಾಲದಲ್ಲಿ ಆಷಾಢದ ದಿನಗಳಲ್ಲಿ ಈ ದಾರಿ ಹಿಡಿಯುವವರು ಕಾರಿನಲ್ಲಿ ಒಂದು ಒಣ ಬಟ್ಟೆಯನ್ನೂ ಒಂದು ತುಂಡು ಉಪ್ಪುಕಾಗದವನ್ನೂ ಇಟ್ಟುಕೊಳ್ಳುವುದು ಜಾಣತನವಾಗಿತ್ತು.

ಏರಿನಲ್ಲಿ ಎಂಜಿನ್ನು ಒಮ್ಮೆ ಮುಗ್ಗರಿಸಿ, ಎರಡು ಸಲ ಕೆಮ್ಮಿ ನಿಂತುಬಿಡುತ್ತಿತ್ತು. ಟ್ಯಾಂಕಿನಲ್ಲಿ ಪೆಟ್ರೋಲು ಇದೆ, ಬ್ಯಾಟರಿಯಲ್ಲಿ ಕರೆಂಟು ಇದೆ, ಸೆಲ್ಫ್ ಹೊಡೆದರೆ ಎಂಜಿನ್ನು ತಿರುಗುತ್ತದೆ. ಹತ್ತುವುದು ಮಾತ್ರ ಇಲ್ಲ. ಚಾಲಕ ಕೆಳಗಿಳಿದು ಬಾನೆಟ್ಟು ಎತ್ತಿ, ಕೊಡೆಯ ಮರೆಯಲ್ಲಿ ಡಿಸ್ಟ್ರಿಬ್ಯೂಟರಿನ ಕಪ್ಪು ಮುಚ್ಚಳದ ಎರಡು ಕ್ಲಿಪ್ಪು ಕಳಚಿ, ಒಳಗೆ ಕಟ್ಟಿದ ತೇವವನ್ನು ಬಟ್ಟೆಯಿಂದ ಒರೆಸಿ ಮತ್ತೆ ಕೂಡಿಸಿದರೆ ಎಷ್ಟೋ ಸಲ ಅಷ್ಟಕ್ಕೇ ಕಾರು ಹೊರಡುತ್ತಿತ್ತು. ಯಾವ ಭಾಗವೂ ಮುರಿದಿರಲಿಲ್ಲ. ಕಿಡಿ ತನ್ನ ದಾರಿ ಬಿಟ್ಟು ಒದ್ದೆಯ ಮೇಲೆ ಹರಿದು ಹೋಗಿತ್ತು, ಅಷ್ಟೆ.

ಈಗಿನ ಕಾರಿನಲ್ಲಿ ಒರೆಸಲು ಡಿಸ್ಟ್ರಿಬ್ಯೂಟರೇ ಇಲ್ಲ. ಅದೇ ದಾರಿಯಲ್ಲಿ, ಅದೇ ಮಳೆಯಲ್ಲಿ ಎಂಜಿನ್ನು ತಡವರಿಸಿದರೆ ಡ್ಯಾಶ್‌ಬೋರ್ಡಿನಲ್ಲಿ ಹಳದಿ ದೀಪ ಹತ್ತುತ್ತದೆ. ಗ್ಯಾರೇಜಿಗೆ ತಂದು ಸ್ಕ್ಯಾನರ್ ಜೋಡಿಸಿದರೆ ಪರದೆಯ ಮೇಲೆ 'ಪಿ 0351' ಎಂಬಂಥ ಒಂದು ಸಂಕೇತ ಮೂಡುತ್ತದೆ. ಮೊದಲನೆಯ ಇಗ್ನಿಷನ್ ಕಾಯಿಲಿನ ಸರ್ಕಿಟ್ಟಿನಲ್ಲಿ ದೋಷವಿದೆ ಎಂಬುದು ಅದರ ಅರ್ಥ. ಇದನ್ನು ಓದಿದವರು ಹೊಸ ಕಾಯಿಲ್ ತರಿಸಿ ಹಾಕುತ್ತಾರೆ. ನಾಲ್ಕು ದಿನ ಬಿಟ್ಟು ದೀಪ ಮತ್ತೆ ಹತ್ತುತ್ತದೆ. ಸಂಕೇತ ಹೇಳಿದ್ದು 'ಸರ್ಕಿಟ್' ಎಂದು. ಕೇಳಿಸಿಕೊಂಡವರು 'ಕಾಯಿಲ್' ಎಂದುಕೊಂಡರು. ಈ ಒಂದು ಪದದ ಅಂತರದಲ್ಲಿ ಕಾರಿನ ಮಾಲೀಕನ ಸಾವಿರಾರು ರೂಪಾಯಿ ಹೋಗುತ್ತದೆ, ಗ್ಯಾರೇಜಿನವನ ಹೆಸರೂ ಕೆಡುತ್ತದೆ. ಹಳೆಯ ಮಿಸ್ತ್ರಿಯೊಬ್ಬ ಯಾವ ಪರದೆಯೂ ಇಲ್ಲದೆ ಈ ತಪ್ಪು ಮಾಡದೆ ಇರುತ್ತಿದ್ದನಲ್ಲ, ಅದು ಹೇಗೆ ಎಂದು ತಿಳಿಯಲು ಕಿಡಿಯ ಚರಿತ್ರೆಯನ್ನು ಸ್ವಲ್ಪ ಹಿಂದಕ್ಕೆ ಹೋಗಿ ನೋಡಬೇಕು.

ದಾರಿಯಲ್ಲಿ ನಡೆದ ಮೊದಲ ರಿಪೇರಿ

ಪೆಟ್ರೋಲ್ ಎಂಜಿನ್ನಿನ ಒಳಗೆ ಗಾಳಿ ಮತ್ತು ಪೆಟ್ರೋಲಿನ ಆವಿ ಒತ್ತಡಕ್ಕೆ ಸಿಕ್ಕಿ ಕುಳಿತಿರುವಾಗ ಸರಿಯಾದ ಗಳಿಗೆಗೆ ಒಂದು ಕಿಡಿ ಬೀಳಬೇಕು. ಡೀಸೆಲ್ ಎಂಜಿನ್ನಿಗೆ ಈ ಗೊಡವೆಯಿಲ್ಲ; ಅಲ್ಲಿ ಗಾಳಿಯನ್ನು ಬಿಗಿಯಾಗಿ ಅದುಮಿದಾಗ ಹುಟ್ಟುವ ಶಾಖವೇ ಎಣ್ಣೆಯನ್ನು ಹೊತ್ತಿಸುತ್ತದೆ. ಹಾಗಾಗಿ ಲಾರಿ, ಬಸ್ಸುಗಳ ಮಿಸ್ತ್ರಿಗೆ ಕಿಡಿಯ ವಿದ್ಯೆ ಬೇಕಾಗಲಿಲ್ಲ. ಅದು ಕಾರು, ಪೆಟ್ರೋಲ್ ಜೀಪು ಮತ್ತು ಸ್ಕೂಟರುಗಳ ಗ್ಯಾರೇಜಿನ ಸೊತ್ತಾಗಿ ಉಳಿಯಿತು.

ಜರ್ಮನಿಯ ಕಾರ್ಲ್ ಬೆಂಜ್ 1886ರಲ್ಲಿ ಪೇಟೆಂಟ್ ಪಡೆದ ಮೂರು ಚಕ್ರದ ಗಾಡಿಯಲ್ಲಿ ಬ್ಯಾಟರಿ ಮತ್ತು ಕಾಯಿಲ್ ಬಳಸಿ ಕಿಡಿ ಹುಟ್ಟಿಸುವ ಏರ್ಪಾಡಿತ್ತು. 1888ರ ಆಗಸ್ಟ್‌ನಲ್ಲಿ ಆತನ ಹೆಂಡತಿ ಬೆರ್ತಾ ಬೆಂಜ್, ಗಂಡನಿಗೆ ಹೇಳದೆ ಇಬ್ಬರು ಗಂಡುಮಕ್ಕಳೊಂದಿಗೆ ಮ್ಯಾನ್‌ಹೈಮ್‌ನಿಂದ ಫೋರ್ಟ್ಸ್‌ಹೈಮ್‌ನ ತವರಿಗೆ ಅದೇ ಗಾಡಿಯಲ್ಲಿ ಹೊರಟಳು. ಸುಮಾರು 100 ಕಿಲೋಮೀಟರ್ ದಾರಿ. ನಡುವೆ ಇಂಧನದ ನಳಿಗೆ ಕಟ್ಟಿಕೊಂಡಾಗ ಟೋಪಿಯ ಸೂಜಿಯಿಂದ ಚುಚ್ಚಿ ಬಿಡಿಸಿದಳು; ಕಿಡಿಯ ತಂತಿಯ ಹೊದಿಕೆ ಸವೆದು ಕರೆಂಟು ಸೋರತೊಡಗಿದಾಗ ಕಾಲುಚೀಲ ಬಿಗಿಯುವ ಪಟ್ಟಿಯನ್ನು ಅದಕ್ಕೆ ಸುತ್ತಿದಳು ಎಂದು ಆ ಪ್ರಯಾಣದ ಕಥೆ ಹೇಳುತ್ತದೆ. ಕಥೆ ನಿಜವಾದರೆ, ಜಗತ್ತಿನ ಮೊದಲ ದೂರಪ್ರಯಾಣದಲ್ಲೇ ಇಗ್ನಿಷನ್ ಸರ್ಕಿಟ್ಟಿನ ದೋಷ ಕಾಣಿಸಿಕೊಂಡಿತು, ಅದನ್ನು ಪತ್ತೆ ಮಾಡಿದ್ದು ಒಬ್ಬ ಗೃಹಿಣಿ. ಕಾಯಿಲ್ ಸರಿಯಿತ್ತು, ಬ್ಯಾಟರಿ ಸರಿಯಿತ್ತು; ಕೆಟ್ಟದ್ದು ಅವೆರಡರ ನಡುವಿನ ತಂತಿ.

ಆಮೇಲಿನ ಇಪ್ಪತ್ತು ವರ್ಷ ಬ್ಯಾಟರಿಯನ್ನು ನಂಬುವವರು ಕಡಿಮೆಯಾದರು. ರಾಬರ್ಟ್ ಬಾಷ್‌ನ ಕಂಪನಿಯಲ್ಲಿ ಗಾಟ್‌ಲೋಬ್ ಹೊನೋಲ್ಡ್ ಎಂಬ ಎಂಜಿನಿಯರ್ 1902ರಲ್ಲಿ ಸಿದ್ಧಪಡಿಸಿದ ಮ್ಯಾಗ್ನೆಟೊ, ಎಂಜಿನ್ನು ತಿರುಗಿದಂತೆ ತಾನೇ ಕರೆಂಟು ಹುಟ್ಟಿಸಿಕೊಂಡು ಕಿಡಿ ಹಾರಿಸುತ್ತಿತ್ತು. ಬ್ಯಾಟರಿ ಪದ್ಧತಿಯನ್ನು ಮತ್ತೆ ಪಟ್ಟಕ್ಕೆ ತಂದವನು ಅಮೆರಿಕದ ಚಾರ್ಲ್ಸ್ ಕೆಟರಿಂಗ್. ಅವನ ಡೆಲ್ಕೊ ಕಂಪನಿಯ ಇಗ್ನಿಷನ್ 1910ರ ಕ್ಯಾಡಿಲಾಕ್ ಕಾರಿಗೆ ಬಂತು. 1912ರಲ್ಲಿ ಅದೇ ಕಾರಿಗೆ ಅವನ ವಿದ್ಯುತ್ ಸ್ಟಾರ್ಟರ್ ಕೂಡ ಸೇರಿತು. ಹ್ಯಾಂಡಲ್ ಹಾಕಿ ತಿರುಗಿಸುವ ಕಷ್ಟ ತಪ್ಪಿತು. ಆ ಬಳಿಕ ಅರವತ್ತು ವರ್ಷ ಜಗತ್ತಿನ ಬಹುಪಾಲು ಕಾರುಗಳು ಓಡಿದ್ದು ಕೆಟರಿಂಗ್ ಪದ್ಧತಿಯ ಮೇಲೆಯೇ.

ತೂಬು ಮುಚ್ಚಿದಾಗ

ಆ ಪದ್ಧತಿಯ ಒಳಗುಟ್ಟು ಬಹಳ ಸರಳ. ಹೊಲದ ಪಂಪ್‌ಸೆಟ್ಟಿನ ಪೈಪಿನಲ್ಲಿ ರಭಸದಿಂದ ನೀರು ಹರಿಯುತ್ತಿರುವಾಗ ವಾಲ್ವನ್ನು ಥಟ್ಟನೆ ಮುಚ್ಚಿದರೆ ಪೈಪು ಧಡಲ್ಲನೆ ನಡುಗುತ್ತದೆ. ನಿಂತ ನೀರಿನ ಒತ್ತಡ ಒಂದು ಕ್ಷಣ ಹಲವು ಪಟ್ಟು ಏರುತ್ತದೆ. ಕಾಯಿಲಿನಲ್ಲಿ ನಡೆಯುವುದೂ ಇಂಥದೇ. ಕಬ್ಬಿಣದ ತಿರುಳಿನ ಮೇಲೆ ದಪ್ಪ ತಂತಿಯ ಕೆಲವು ನೂರು ಸುತ್ತು, ಅದರೊಡನೆ ಕೂದಲೆಳೆಯಂಥ ತಂತಿಯ ಸಾವಿರಾರು ಸುತ್ತು. ದಪ್ಪ ಸುತ್ತಿನಲ್ಲಿ ಬ್ಯಾಟರಿಯ 12 ವೋಲ್ಟಿನ ಕರೆಂಟು ಮೂರ್ನಾಲ್ಕು ಆಂಪಿಯರಿನಷ್ಟು ಹರಿಯುತ್ತಿರುತ್ತದೆ. ಅದನ್ನು ತಟಕ್ಕನೆ ಕಡಿದರೆ ಸಣ್ಣ ಸುತ್ತಿನಲ್ಲಿ 15,000ದಿಂದ 25,000 ವೋಲ್ಟಿನವರೆಗೆ ಒತ್ತಡ ಚಿಮ್ಮಿ, ಪ್ಲಗ್ಗಿನ ತುದಿಯಲ್ಲಿ ಕಿಡಿ ಹಾರುತ್ತದೆ. ಕರೆಂಟು ಹರಿಯುವಾಗಲ್ಲ, ನಿಲ್ಲುವಾಗ ಕಿಡಿ ಹುಟ್ಟುತ್ತದೆ ಎಂಬುದು ಇಲ್ಲಿನ ವಿಚಿತ್ರ.

ಹಾಗೆ ಕಡಿಯುವ ಕೆಲಸ 'ಸಿ.ಬಿ. ಪಾಯಿಂಟ್' ಎಂದು ಎಲ್ಲ ಗ್ಯಾರೇಜುಗಳೂ ಕರೆಯುವ ಎರಡು ಪುಟ್ಟ ಲೋಹದ ಗುಂಡಿಗಳದು. ನಾಲ್ಕು ಸಿಲಿಂಡರಿನ ಎಂಜಿನ್ನು ನಿಮಿಷಕ್ಕೆ 3,000 ಸುತ್ತು ತಿರುಗುವಾಗ ಈ ಗುಂಡಿಗಳು ಸೆಕೆಂಡಿಗೆ 100 ಸಲ ಕೂಡಿ ಬಿಡಬೇಕು. ಬಿಡುವಾಗ ಅವುಗಳ ನಡುವೆಯೇ ಕಿಡಿ ಸಿಡಿದು ಸುಟ್ಟುಹೋಗದಂತೆ ಪಕ್ಕದಲ್ಲೊಂದು ಕಂಡೆನ್ಸರ್. ಹುಟ್ಟಿದ ಕಿಡಿಯನ್ನು ಒಂದು, ಮೂರು, ನಾಲ್ಕು, ಎರಡು ಎಂಬ ಸರದಿಯಲ್ಲಿ ಸಿಲಿಂಡರುಗಳಿಗೆ ಹಂಚಲು ತಿರುಗುವ ರೋಟರ್. ಇವೆಲ್ಲವನ್ನೂ ಒಳಗೊಂಡ ಬೋಗುಣಿಯಂಥದ್ದೇ ಡಿಸ್ಟ್ರಿಬ್ಯೂಟರ್.

ಇದರಲ್ಲಿ ಕಣ್ಣಿಗೆ ಕಾಣದ ಭಾಗವೆಂದರೆ ಕಾಯಿಲಿನ ಒಳಗು ಮತ್ತು ಕಂಡೆನ್ಸರಿನ ಒಳಗು ಮಾತ್ರ. ಉಳಿದದ್ದನ್ನೆಲ್ಲ ಮುಟ್ಟಬಹುದಿತ್ತು, ಉಜ್ಜಬಹುದಿತ್ತು, ಬಗ್ಗಿಸಬಹುದಿತ್ತು.

ಬೆಂಗಳೂರಿಗೆ ತಪ್ಪಿದ ಕಾರು

ಈ ಯಂತ್ರವಿದ್ಯೆ ಕರ್ನಾಟಕದ ಮನೆಬಾಗಿಲಿಗೆ ಇನ್ನೂ ಬೇಗ ಬರಬಹುದಾಗಿತ್ತು. ಸರ್ ಎಂ. ವಿಶ್ವೇಶ್ವರಯ್ಯನವರು 1930ರ ದಶಕದಲ್ಲಿ ಯುರೋಪು, ಅಮೆರಿಕಗಳ ಕಾರು ಕಾರ್ಖಾನೆಗಳನ್ನು ನೋಡಿ ಬಂದು ಭಾರತದಲ್ಲೇ ಕಾರು ತಯಾರಿಸುವ ಯೋಜನೆ ಹಾಕಿದ್ದರು. ಉದ್ಯಮಿ ವಾಲ್‌ಚಂದ್ ಹೀರಾಚಂದ್ ಅದಕ್ಕೆ ಕೈ ಜೋಡಿಸಿದ್ದರು. ಬೆಂಗಳೂರಿನಲ್ಲಿ ಕಾರ್ಖಾನೆ ತೆರೆಯುವ ಆಲೋಚನೆಗೆ ಬ್ರಿಟಿಷ್ ಸರ್ಕಾರ ಒಲವು ತೋರಲಿಲ್ಲ. 1940ರಲ್ಲಿ ವಾಲ್‌ಚಂದರು ಬೆಂಗಳೂರಿನಲ್ಲಿ ವಿಮಾನ ಕಾರ್ಖಾನೆ ಕಟ್ಟಿದರು. ಕಾರಿನ ಕಾರ್ಖಾನೆ ಮಾತ್ರ ಮುಂಬಯಿ ಪಾಲಾಯಿತು. 1944ರಲ್ಲಿ ಹುಟ್ಟಿದ ಆ ಪ್ರೀಮಿಯರ್ ಆಟೊಮೊಬೈಲ್ಸ್ ಕಂಪನಿಯ ಫಿಯೆಟ್ 1100 ಕಾರೇ ಮುಂದೆ ಪ್ರೀಮಿಯರ್ ಪದ್ಮಿನಿ ಎಂಬ ಹೆಸರಿನಲ್ಲಿ ಬೆಳಗಾವಿಯ ಬೀದಿಗಳಲ್ಲೂ ಓಡಾಡಿತು.

ಕಿಡಿಯ ಸಾಮಾನು ಮಾತ್ರ ಬೆಂಗಳೂರಿನಿಂದಲೂ ಬಂತು. 1951ರಲ್ಲಿ ಆರಂಭವಾದ ಮೋಟಾರ್ ಇಂಡಸ್ಟ್ರೀಸ್ ಕಂಪನಿ, ಅಂದರೆ ಎಲ್ಲರ ಬಾಯಲ್ಲಿ 'ಮೈಕೊ', ಬಾಷ್ ಸಹಯೋಗದಲ್ಲಿ ಆಡುಗೋಡಿಯ ಕಾರ್ಖಾನೆಯಿಂದ ದೇಶಕ್ಕೆಲ್ಲ ಹೆಸರಾಯಿತು. ಮೈಕೊ ಪ್ಲಗ್ಗು ಎಂದರೆ ಹಳ್ಳಿಯ ಸ್ಕೂಟರ್ ಸವಾರನಿಗೂ ಗೊತ್ತಿತ್ತು. 2008ರಲ್ಲಿ ಕಂಪನಿಯ ಹೆಸರು ಬಾಷ್ ಲಿಮಿಟೆಡ್ ಎಂದಾದರೂ ಹಳಬರ ಬಾಯಲ್ಲಿ ಮೈಕೊ ಹೋಗಿಲ್ಲ. ಡಿಸ್ಟ್ರಿಬ್ಯೂಟರ್, ಸ್ಟಾರ್ಟರ್ ಮೊದಲಾದ ವಿದ್ಯುತ್ ಭಾಗಗಳಿಗೆ 1961ರಲ್ಲಿ ಮದ್ರಾಸಿನ ಪಾಡಿಯಲ್ಲಿ ಸ್ಥಾಪನೆಯಾದ ಲ್ಯೂಕಾಸ್-ಟಿವಿಎಸ್ ಕಂಪನಿಯೇ ಆಧಾರ.

ಬೆಳಗಾವಿಯ ಮಟ್ಟಿಗೆ ಇದೊಂದು ತಮಾಷೆಯ ಸಂಗತಿ. ಹಿಂದವಾಡಿಗೆ ಕೂಗಳತೆಯ ಉದ್ಯಮಬಾಗದಲ್ಲಿ ಎಂಜಿನ್ನಿನ ಎರಕದ ಭಾಗಗಳನ್ನು ತಯಾರಿಸುವ ಫೌಂಡ್ರಿಗಳು ಸಾಲಾಗಿ ಬೆಳೆದವು. ಈ ಊರಿನವರಿಗೆ ಕಬ್ಬಿಣದ ಗುಣ ಕೈಯಳತೆಯಲ್ಲೇ ಗೊತ್ತು. ಕಿಡಿಯ ಭಾಗ ಮಾತ್ರ ರಟ್ಟಿನ ಪೆಟ್ಟಿಗೆಯಲ್ಲಿ ಬೇರೆ ಊರಿನಿಂದ ಬಂತು. ಅದನ್ನು ಅರಿಯಲು ಗ್ಯಾರೇಜಿನಲ್ಲೇ ಬೇರೆ ಪಾಠಶಾಲೆ ನಡೆಯಬೇಕಾಯಿತು.

ಕಿವಿ, ಮೂಗು ಮತ್ತು ಒಂದು ಬಲ್ಬು

ಆ ಪಾಠಶಾಲೆಗೆ ಪುಸ್ತಕವಿರಲಿಲ್ಲ. ಐಟಿಐಗಳಲ್ಲಿ ಮೋಟಾರ್ ಮೆಕ್ಯಾನಿಕ್ ತರಬೇತಿ ಇತ್ತಾದರೂ ಬಹಳಷ್ಟು ಹುಡುಗರು ಬಂದದ್ದು ನೇರವಾಗಿ ಗ್ಯಾರೇಜಿಗೆ. ಮೊದಲ ವರ್ಷ ಪಾನಾ, ಪಕ್ಕಡ ಎತ್ತಿಕೊಡುವುದು, ಸೀಮೆ ಎಣ್ಣೆಯಲ್ಲಿ ಭಾಗ ತೊಳೆಯುವುದು. ಆಮೇಲೆ ಪ್ಲಗ್ ಬಿಚ್ಚುವುದು. ಉಸ್ತಾದನಿಗೆ ವಿಶ್ವಾಸ ಬಂದ ಮೇಲೆ ಪಾಯಿಂಟು ಕೂಡಿಸುವುದು. ಬೆಳಗಾವಿಯ ಗ್ಯಾರೇಜಿನ ಭಾಷೆಯಲ್ಲಿ ಕನ್ನಡ, ಮರಾಠಿ, ಉರ್ದು, ಇಂಗ್ಲಿಷುಗಳು ಒಂದೇ ವಾಕ್ಯದಲ್ಲಿ ಜಗಳವಿಲ್ಲದೆ ಕೂಡುತ್ತವೆ. 'ಗಾಡಿ ಮಿಸ್ಸಿಂಗ್ ಹೊಡಿಯಾಕತ್ತೈತಿ' ಎಂದರೆ ನಾಲ್ಕರಲ್ಲಿ ಒಂದು ಸಿಲಿಂಡರು ಕಿಡಿ ತಪ್ಪಿಸುತ್ತಿದೆ ಎಂದು ಅಲ್ಲಿ ಯಾರಿಗೂ ಬಿಡಿಸಿ ಹೇಳಬೇಕಿಲ್ಲ.

ಮಿಸ್ತ್ರಿ ಮೊದಲು ಕಿವಿಗೊಡುತ್ತಿದ್ದ. ಮಿಸ್ಸಿಂಗ್ ಒಂದೇ ತಾಳದಲ್ಲಿ ಬಂದರೆ ಒಂದು ಸಿಲಿಂಡರಿನ ಪ್ಲಗ್ಗೋ ತಂತಿಯೋ ಕೆಟ್ಟಿರಬೇಕು. ತಾಳ ತಪ್ಪಿ ಎಲ್ಲೆಂದರಲ್ಲಿ ಬಂದರೆ ನಾಲ್ಕಕ್ಕೂ ಸಾಮಾನ್ಯವಾದ ಪಾಯಿಂಟು, ಕಂಡೆನ್ಸರು, ಕಾಯಿಲುಗಳ ಮೇಲೆ ಅನುಮಾನ. ಆಮೇಲೆ ಪ್ಲಗ್ಗಿನ ತಂತಿಗಳನ್ನು ಒಂದೊಂದಾಗಿ ಕಳಚಿ ನೋಡುವುದು. ಯಾವುದನ್ನು ಕಳಚಿದಾಗ ಎಂಜಿನ್ನಿನ ಸದ್ದು ಬದಲಾಗುವುದಿಲ್ಲವೋ ಅದು ಮೊದಲೇ ಸತ್ತ ಸಿಲಿಂಡರು. ಪ್ಲಗ್ಗು ಬಿಚ್ಚಿ ಬಣ್ಣ ನೋಡಿದರೆ ಅರ್ಧ ಕಥೆ ಅಲ್ಲೇ: ಕಂದು ಬಣ್ಣವಿದ್ದರೆ ಕ್ಷೇಮ, ಕಪ್ಪು ಮಸಿಯಿದ್ದರೆ ಪೆಟ್ರೋಲು ಹೆಚ್ಚು ಅಥವಾ ಕಿಡಿ ಬಲಹೀನ, ಎಣ್ಣೆ ಜಿಡ್ಡಿದ್ದರೆ ದೋಷ ಬೇರೆಡೆ.

ಪಾಯಿಂಟುಗಳ ನಡುವಿನ ಅಂತರ ಅಂಬಾಸಿಡರಿಗೆ ಸುಮಾರು 0.4 ಮಿಲಿಮೀಟರ್. ಅದನ್ನು ಅಳೆಯುವ ಫೀಲರ್ ಗೇಜ್ ಕೈಗೆ ಸಿಗದಿದ್ದರೆ ಬೆಂಕಿಪೊಟ್ಟಣದ ರಟ್ಟನ್ನು ತೂರಿಸಿ ನೋಡುವವರಿದ್ದರು. ಇಂಥ ಕೈಚಳಕವನ್ನು ಹೊಗಳುವಾಗ ಸ್ವಲ್ಪ ಎಚ್ಚರವೂ ಬೇಕು. ಅಂತರ ತಪ್ಪಿದರೆ ಟೈಮಿಂಗ್ ತಪ್ಪುತ್ತದೆ, ಪೆಟ್ರೋಲು ಪೋಲಾಗುತ್ತದೆ. ಅಂದಾಜಿನ ಮೇಲೆ ಓಡಿದ ಕಾರುಗಳು ಎಷ್ಟು ಪೆಟ್ರೋಲನ್ನು ಸುಮ್ಮನೆ ಸುಟ್ಟವೋ ಲೆಕ್ಕವಿಟ್ಟವರಿಲ್ಲ.

ಆದರೂ ಆ ವಿದ್ಯೆಯ ತಿರುಳು ಗಟ್ಟಿಯಾಗಿತ್ತು. ಎರಡು ತಂತಿ ಜೋಡಿಸಿದ ಒಂದು ಬಲ್ಬು, ಅಂದರೆ ಟೆಸ್ಟ್ ಲ್ಯಾಂಪು, ಅದರ ಆಯುಧ. ಒಂದು ತುದಿ ಎಂಜಿನ್ನಿನ ಲೋಹಕ್ಕೆ, ಇನ್ನೊಂದು ಕಾಯಿಲಿನ ಬ್ಯಾಟರಿ ಕಡೆಯ ತುದಿಗೆ. ಬಲ್ಬು ಹತ್ತಿದರೆ ಇಲ್ಲಿಯವರೆಗೆ ಕರೆಂಟು ಬಂದಿದೆ. ಹತ್ತದಿದ್ದರೆ ಕಾಯಿಲನ್ನು ಬೈಯುವಂತಿಲ್ಲ. ಹಿಂದಕ್ಕೆ ಕೀ ಸ್ವಿಚ್ಚು, ಫ್ಯೂಸು, ಬ್ಯಾಟರಿಯ ಕಡೆಗೆ ನಡೆಯಬೇಕು. ಹತ್ತಿದರೆ ಬಲ್ಬನ್ನು ಕಾಯಿಲಿನ ಆಚೆ ತುದಿಗೆ ಒಯ್ದು ಸೆಲ್ಫ್ ಹೊಡೆಯಬೇಕು. ಈಗ ಬಲ್ಬು ಮಿಣುಕಿದರೆ ಪಾಯಿಂಟು ಕೂಡಿ ಬಿಡುತ್ತಿದೆ. ಉರಿದೇ ಇದ್ದರೆ ಪಾಯಿಂಟು ಕೂಡುತ್ತಿಲ್ಲ, ಗುಂಡಿಗಳು ಸುಟ್ಟು ಮಸಿ ಹಿಡಿದಿರಬಹುದು. ಆರಿಯೇ ಇದ್ದರೆ ಎಲ್ಲೋ ಲೋಹಕ್ಕೆ ತಾಗಿ ಅರ್ಥಿಂಗ್ ಆಗಿರಬಹುದು. ಪ್ರವಾಹ ಹೋಗುವ ದಾರಿಯನ್ನು ಒಂದೊಂದು ನಿಲ್ದಾಣದಲ್ಲಿ ಇಳಿದು ವಿಚಾರಿಸುವ ಈ ಕ್ರಮದಲ್ಲಿ ಯಾವ ಭಾಗವನ್ನೂ ಸಾಕ್ಷಿಯಿಲ್ಲದೆ ಅಪರಾಧಿ ಮಾಡುತ್ತಿರಲಿಲ್ಲ. ಸಾಮಾನು ದುಬಾರಿ, ಅಂಗಡಿ ದೂರ. ಸುಮ್ಮನೆ ಬದಲಿಸಿ ನೋಡುವ ಐಷಾರಾಮ ಯಾರಿಗಿತ್ತು?

ಗಣಕ ಬಂತು

ಪಾಯಿಂಟುಗಳು ಸವೆಯುವುದನ್ನು ತಪ್ಪಿಸಲು ಅವುಗಳ ಜಾಗದಲ್ಲಿ ಟ್ರಾನ್ಸಿಸ್ಟರ್ ಕೂಡಿಸುವ ಪ್ರಯೋಗ 1960ರ ದಶಕದಲ್ಲೇ ನಡೆದಿತ್ತು. 1973ರ ಹೊತ್ತಿಗೆ ಅಮೆರಿಕದ ಕ್ರೈಸ್ಲರ್ ತನ್ನ ಕಾರುಗಳಿಗೆಲ್ಲ ಎಲೆಕ್ಟ್ರಾನಿಕ್ ಇಗ್ನಿಷನ್ ಅಳವಡಿಸಿತು. 1979ರಲ್ಲಿ ಬಾಷ್ ಕಂಪನಿಯ 'ಮೋಟ್ರಾನಿಕ್' ಬಿಎಂಡಬ್ಲ್ಯು ಕಾರೊಂದರಲ್ಲಿ ಪೆಟ್ರೋಲು ಸಿಂಪಡಿಸುವುದನ್ನೂ ಕಿಡಿ ಹಾರಿಸುವುದನ್ನೂ ಒಂದೇ ಪುಟ್ಟ ಗಣಕಕ್ಕೆ ಒಪ್ಪಿಸಿತು. ಗ್ಯಾರೇಜುಗಳಲ್ಲಿ ಇಸಿಎಂ ಎಂದು ಕರೆಯುವ ಪೆಟ್ಟಿಗೆ ಅದೇ ವಂಶದ್ದು.

ಭಾರತದಲ್ಲಿ ಈ ಬದಲಾವಣೆಗೆ ದೊಡ್ಡ ನೂಕು ಕೊಟ್ಟದ್ದು ಹೊಗೆ. 1999ರ ಏಪ್ರಿಲ್‌ನಲ್ಲಿ ಸರ್ವೋಚ್ಚ ನ್ಯಾಯಾಲಯ ದೆಹಲಿ ವಲಯದ ಹೊಸ ಕಾರುಗಳಿಗೆ ಯೂರೋ ಮಾನದಂಡ ಕಡ್ಡಾಯ ಮಾಡಿತು. ಕಾರ್ಬ್ಯುರೇಟರಿನಿಂದ ಆ ಮಟ್ಟ ಮುಟ್ಟುವುದು ಕಷ್ಟವಾಗಿ ಫ್ಯುಯೆಲ್ ಇಂಜೆಕ್ಷನ್ ಬಂತು, ಅದರೊಂದಿಗೆ ಗಣಕ. ಭಾರತ್ ಸ್ಟೇಜ್-3 ಹಂತ 2010ರಲ್ಲಿ, ಸ್ಟೇಜ್-4 ಹಂತ 2017ರಲ್ಲಿ, ಸ್ಟೇಜ್-6 ಹಂತ 2020ರ ಏಪ್ರಿಲ್‌ನಲ್ಲಿ ದೇಶವ್ಯಾಪಿ ಜಾರಿಯಾದವು. ತನ್ನ ದೋಷವನ್ನು ತಾನೇ ಗುರುತಿಸಿ ಬರೆದಿಟ್ಟುಕೊಳ್ಳುವ 'ಒಬಿಡಿ' ವ್ಯವಸ್ಥೆ ಸ್ಟೇಜ್-4ರ ಕಾರುಗಳಿಗೆ 2010ರಿಂದ ಮೊದಲ ಹಂತದಲ್ಲಿ, 2013ರಿಂದ ಎರಡನೆಯ ಹಂತದಲ್ಲಿ ಕಡ್ಡಾಯವಾಯಿತು. 2014ರ ಜನವರಿಯಲ್ಲಿ ಮಾರುತಿ 800ರ ತಯಾರಿಕೆ ನಿಂತಿತು. ಅದೇ ಮೇ ತಿಂಗಳಲ್ಲಿ ಉತ್ತರಪಾರಾದ ಅಂಬಾಸಿಡರ್ ಕಾರ್ಖಾನೆಯೂ ನಿಂತಿತು.

ಹೊಸ ಏರ್ಪಾಡಿನಲ್ಲಿ ಪಾಯಿಂಟಿಲ್ಲ, ರೋಟರಿಲ್ಲ. ಅನೇಕ ಕಾರುಗಳಲ್ಲಿ ಪ್ರತಿ ಪ್ಲಗ್ಗಿನ ನೆತ್ತಿಯ ಮೇಲೂ ಒಂದೊಂದು ಕಾಯಿಲ್ ಕುಳಿತಿರುತ್ತದೆ. ಕ್ರ್ಯಾಂಕ್ ಶಾಫ್ಟಿನ ಹಲ್ಲುಚಕ್ರವನ್ನು ನೋಡುತ್ತಿರುವ ಒಂದು ಸೆನ್ಸರ್, ಎಂಜಿನ್ನು ಯಾವ ಕೋನದಲ್ಲಿದೆ ಎಂದು ಗಣಕಕ್ಕೆ ಹೇಳುತ್ತದೆ. ಗಣಕ ಲೆಕ್ಕ ಹಾಕಿ ಕಾಯಿಲಿಗೆ ಸಂಜ್ಞೆ ಕಳಿಸುತ್ತದೆ. ಕಳಿಸಿದ ಮೇಲೆ ಆ ದಾರಿಯಲ್ಲಿ ನಿರೀಕ್ಷಿಸಿದ ಪ್ರತಿಕ್ರಿಯೆ ಬಂತೇ ಎಂದು ಕಾಯುತ್ತದೆ. ಬಾರದಿದ್ದರೆ 'ಪಿ 0351' ಎಂದು ಬರೆದುಕೊಂಡು ಹಳದಿ ದೀಪ ಹತ್ತಿಸುತ್ತದೆ. ಅದಕ್ಕೆ ತಿಳಿದಿರುವುದು ಇಷ್ಟೇ: ಕರೆದೆ, ಓಗೊಡಲಿಲ್ಲ. ಓಗೊಡದವನು ಮಲಗಿದ್ದಾನೋ, ಬಾಗಿಲು ಮುಚ್ಚಿದೆಯೋ, ಕೂಗು ಅಲ್ಲಿಗೆ ಮುಟ್ಟಲೇ ಇಲ್ಲವೋ ಗಣಕಕ್ಕೆ ತಿಳಿಯದು.

ಮತ್ತೆ ನಿಲ್ದಾಣದಿಂದ ನಿಲ್ದಾಣಕ್ಕೆ

ಆದ್ದರಿಂದ ಸಂಕೇತ ಬಂದ ಮೇಲೆ ಕೆಲಸ ಆರಂಭವಾಗುತ್ತದೆ. ಮೊದಲ ಹೆಜ್ಜೆಗೆ ಪೈಸೆ ಖರ್ಚಿಲ್ಲ: ಒಂದನೆಯ ಸಿಲಿಂಡರಿನ ಕಾಯಿಲನ್ನು ಎರಡನೆಯದಕ್ಕೂ ಎರಡನೆಯದನ್ನು ಒಂದನೆಯದಕ್ಕೂ ಅದಲುಬದಲು ಮಾಡಿ, ಹಳೆಯ ಸಂಕೇತ ಅಳಿಸಿ, ಎಂಜಿನ್ನು ಓಡಿಸುವುದು. ಈಗ 'ಪಿ 0352' ಬಂದರೆ ದೋಷ ಕಾಯಿಲಿನ ಬೆನ್ನು ಹತ್ತಿ ಹೋಗಿದೆ, ಕಾಯಿಲ್ ಬದಲಿಸಬಹುದು. ಮತ್ತೆ 'ಪಿ 0351' ಬಂದರೆ ಕಾಯಿಲ್ ನಿರಪರಾಧಿ. ದೋಷ ಆ ಸ್ಥಾನಕ್ಕೆ ಹೋಗುವ ತಂತಿಯಲ್ಲಿ, ಕನೆಕ್ಟರಿನಲ್ಲಿ ಅಥವಾ ಕೊನೆಗೆ ಗಣಕದ ಒಳಗೇ ಇರಬೇಕು. ಈ ಹತ್ತು ನಿಮಿಷದ ಪರೀಕ್ಷೆಯನ್ನು ಬಿಟ್ಟು ನೇರವಾಗಿ ಅಂಗಡಿಗೆ ಓಡುವುದೇ ಇಂದಿನ ಬಹುಪಾಲು ವ್ಯರ್ಥ ಖರ್ಚಿನ ಮೂಲ.

ಮುಂದಿನದು ಕನೆಕ್ಟರ್. ಖಾನಾಪುರ ಸೀಮೆಯ ತೇವಕ್ಕೆ ತಾಮ್ರದ ಪಿನ್ನುಗಳು ಹಸಿರು ಕಿಲುಬು ಹಿಡಿಯುತ್ತವೆ. ಕಣ್ಣಿಗೆ ಕಾಣುವ ಈ ದೋಷವನ್ನು ಕಣ್ಣಿಟ್ಟು ನೋಡುವವರೇ ಕಡಿಮೆ. ಇನ್ನೊಂದು ಶತ್ರು ಇಲಿ. ರಾತ್ರಿ ಎಂಜಿನ್ನಿನ ಬಿಸಿಗೆ ಬೆಚ್ಚಗೆ ಮಲಗಲು ಬಂದ ಇಲಿ ತಂತಿಯ ಹೊದಿಕೆಯನ್ನು ಕಡಿದರೆ ನೂರಾರು ಹೊಸ ತಂತ್ರಗಳಿರುವ ಕಾರೂ ಬೆರ್ತಾ ಬೆಂಜಳ ಗಾಡಿಯಂತೆಯೇ ನಿಲ್ಲುತ್ತದೆ.

ಬಳಿಕ ಕಾಯಿಲಿನ ಪಿನ್ನಿಗೆ ಬ್ಯಾಟರಿಯ 12 ವೋಲ್ಟು ಬರುತ್ತಿದೆಯೇ ಎಂದು ನೋಡಬೇಕು. ಇಲ್ಲೊಂದು ಬಲೆ ಇದೆ. ಹತ್ತು ಎಳೆಗಳ ತಂತಿಯಲ್ಲಿ ಒಂಬತ್ತು ತುಂಡಾಗಿ ಒಂದೇ ಉಳಿದಿದ್ದರೂ ಮೀಟರು 12 ವೋಲ್ಟನ್ನೇ ತೋರಿಸುತ್ತದೆ, ಏಕೆಂದರೆ ಮೀಟರು ಕೇಳುವ ಕರೆಂಟು ನಗಣ್ಯ. ಕಾಯಿಲು ಹಲವು ಆಂಪಿಯರ್ ಕೇಳುತ್ತದೆ. ಅದನ್ನು ಆ ಒಂಟಿ ಎಳೆ ಕೊಡಲಾರದು. ಇಂಥ ಕಡೆ ಹೆಡ್‌ಲೈಟಿನ ಬಲ್ಬೊಂದನ್ನು ಆ ತಂತಿಗೂ ಅರ್ಥಿಗೂ ನಡುವೆ ಜೋಡಿಸಿದರೆ ಸತ್ಯ ಹೊರಬೀಳುತ್ತದೆ: ಬಲ್ಬು ಝಗ್ಗನೆ ಉರಿದರೆ ದಾರಿ ಸರಿ, ಮಂಕಾಗಿ ಉರಿದರೆ ತಂತಿಯಲ್ಲೋ ರಿಲೇಯಲ್ಲೋ ಅಡಚಣೆ. ಹಳೆಯ ಮಿಸ್ತ್ರಿಯ ಬಲ್ಬು ಇಲ್ಲಿ ಸಾವಿರಾರು ರೂಪಾಯಿಯ ಮೀಟರನ್ನೂ ಮೀರಿಸುತ್ತದೆ.

ಆದರೆ ಅದೇ ಬಲ್ಬನ್ನು ಗಣಕದಿಂದ ಬರುವ ಸಂಜ್ಞೆಯ ತಂತಿಗೆ ಮುಟ್ಟಿಸಿದರೆ ಅನಾಹುತ. ಅಲ್ಲಿ ಹರಿಯುವುದು ಅತಿ ಸಣ್ಣ ಕರೆಂಟು. ದೊಡ್ಡ ಬಲ್ಬು ಅದನ್ನು ಎಳೆಯಲು ಹೋಗಿ ಗಣಕದ ಒಳಗಿನ ಟ್ರಾನ್ಸಿಸ್ಟರನ್ನೇ ಸುಡಬಹುದು. ಅಲ್ಲಿಗೆ ಎಲ್‌ಇಡಿ ದೀಪದ ಪರೀಕ್ಷಕವೋ ಆಸಿಲೋಸ್ಕೋಪೋ ಬೇಕು. ಹಾಗೆಯೇ ಓಡುತ್ತಿರುವ ಎಂಜಿನ್ನಿನ ಪ್ಲಗ್ ತಂತಿ ಕಿತ್ತು ಲೋಹದ ಹತ್ತಿರ ಹಿಡಿದು 'ಕಿಡಿ ಎಷ್ಟುದ್ದ ಹಾರುತ್ತದೆ' ಎಂದು ನೋಡುವ ಹಳೆಯ ರೂಢಿಯೂ ಈಗ ಅಪಾಯ. ಹೊಸ ಕಾಯಿಲುಗಳ ಒತ್ತಡ 30,000 ವೋಲ್ಟನ್ನು ಮೀರುತ್ತದೆ. ದಾರಿ ಸಿಗದ ಆ ಒತ್ತಡ ಎಲೆಕ್ಟ್ರಾನಿಕ್ ಭಾಗಗಳನ್ನೂ ಕೈಯನ್ನೂ ಸುಡಬಲ್ಲದು. ಜೊತೆಗೆ ಸುಡದೆ ಉಳಿದ ಪೆಟ್ರೋಲು ಸೈಲೆನ್ಸರಿನ ದಾರಿಯಲ್ಲಿರುವ ಕ್ಯಾಟಲಿಟಿಕ್ ಕನ್ವರ್ಟರಿಗೆ ಹೋಗಿ ಅಲ್ಲಿ ಉರಿದು, ಅದನ್ನೇ ಕರಗಿಸುತ್ತದೆ. ಎಂಜಿನ್ನಿನ ದೀಪ ಸುಮ್ಮನೆ ಹತ್ತಿರುವುದಕ್ಕೂ ಮಿಣುಕುವುದಕ್ಕೂ ಇರುವ ವ್ಯತ್ಯಾಸ ಇದೇ: ಮಿಣುಕಿದರೆ ಗಾಡಿಯನ್ನು ಬದಿಗೆ ಹಾಕಬೇಕು.

ಇನ್ನೂ ಕಾಡುವ ದೋಷವೆಂದರೆ ಬಿಸಿಗೆ ಬಂದು ತಂಪಿಗೆ ಹೋಗುವಂಥದ್ದು. ಘಾಟು ಹತ್ತಿದ ಮೇಲೆ ಕಾರು ಫಕ್ಕನೆ ನಿಲ್ಲುತ್ತದೆ, ಅರ್ಧ ಗಂಟೆ ಬಿಟ್ಟರೆ ಏನೂ ಆಗಿಲ್ಲವೆಂಬಂತೆ ಹೊರಡುತ್ತದೆ. ಕ್ರ್ಯಾಂಕ್ ಸೆನ್ಸರಿನ ಒಳಗಿನ ಸೂಕ್ಷ್ಮ ತಂತಿ ಬಿಸಿಗೆ ಹಿಗ್ಗಿ ಬಿಟ್ಟುಕೊಂಡರೆ ಹೀಗಾಗುತ್ತದೆ. ಗ್ಯಾರೇಜಿಗೆ ತಂದಾಗ ಎಲ್ಲ ಸರಿಯಿರುತ್ತದೆ. ಆಗ ಮಾಲೀಕನ ಮಾತೇ ಮುಖ್ಯ ಪುರಾವೆ: ಎಲ್ಲಿ ನಿಂತಿತು, ಎಷ್ಟು ದೂರ ಓಡಿದ ಮೇಲೆ, ಮಳೆಯಿತ್ತೇ, ಮೀಟರಿನ ಮುಳ್ಳು ಸೊನ್ನೆಗೆ ಬಿದ್ದಿತ್ತೇ. ಈ ಪ್ರಶ್ನೆಗಳನ್ನು ಕೇಳುವ ವ್ಯವಧಾನ ಸ್ಕ್ಯಾನರಿಗಿಲ್ಲ.

ಬೀಗದ ಕೈ ಯಾರ ಬಳಿ?

ಇಷ್ಟಾದರೂ ಹೊಸ ವಿದ್ಯೆಯನ್ನು ಕಲಿಯಲು ಸಣ್ಣ ಗ್ಯಾರೇಜಿನವನಿಗೆ ಇಷ್ಟವಿಲ್ಲದ್ದರಿಂದ ಅವನು ಹಿಂದುಳಿದ ಎನ್ನುವುದು ಪೂರ್ತಿ ನ್ಯಾಯವಲ್ಲ. ಯಾವ ಪಿನ್ನಿಗೆ ಯಾವ ತಂತಿ, ಅಲ್ಲಿ ಎಷ್ಟು ವೋಲ್ಟ್ ಇರಬೇಕು ಎಂಬ ನಕ್ಷೆ ಕಂಪನಿಯ ಪುಸ್ತಕದಲ್ಲಿತ್ತು. ಪುಸ್ತಕ ಕಂಪನಿಯ ಅಧಿಕೃತ ವರ್ಕ್‌ಶಾಪಿನಲ್ಲಿತ್ತು. ಕಂಪನಿಯ ಸ್ಕ್ಯಾನರೂ ಹಾಗೆಯೇ. ಶಂಶೇರ್ ಕಟಾರಿಯಾ ಎಂಬವರು 2011ರ ಜನವರಿಯಲ್ಲಿ ಭಾರತೀಯ ಸ್ಪರ್ಧಾ ಆಯೋಗಕ್ಕೆ ಕೊಟ್ಟ ದೂರಿನಿಂದ ಈ ಸಂಗತಿ ದೇಶದ ಮುಂದೆ ಬಂತು. ಬಿಡಿಭಾಗಗಳೂ ದೋಷ ಪತ್ತೆಯ ಸಲಕರಣೆಗಳೂ ಸ್ವತಂತ್ರ ಗ್ಯಾರೇಜುಗಳಿಗೆ ಸಿಗದಂತೆ ಮಾಡಿರುವುದು ಅದರ ಸಾರ.

ಆಯೋಗ 2014ರ ಆಗಸ್ಟ್ 25ರಂದು 14 ಕಾರು ಕಂಪನಿಗಳ ವಿರುದ್ಧ ಆದೇಶ ನೀಡಿ ಒಟ್ಟು 2,544.65 ಕೋಟಿ ರೂಪಾಯಿ ದಂಡ ವಿಧಿಸಿತು. ಬಿಡಿಭಾಗ ಮತ್ತು ಪರೀಕ್ಷಾ ಸಲಕರಣೆಗಳು ಸ್ವತಂತ್ರ ರಿಪೇರಿಗಾರರಿಗೂ ದೊರೆಯುವ ವ್ಯವಸ್ಥೆ ಮಾಡಬೇಕು, ಹೊರಗಿನ ಗ್ಯಾರೇಜಿಗೆ ಹೋದ ಮಾತ್ರಕ್ಕೆ ವಾರಂಟಿ ರದ್ದು ಎಂಬ ಸಾರಾಸಗಟು ಷರತ್ತು ಹಾಕಬಾರದು ಎಂದೂ ಹೇಳಿತು. ತರಬೇತಿಯಿಲ್ಲದ ಕೈಗೆ ಗಣಕವಿರುವ ಕಾರನ್ನು ಕೊಟ್ಟರೆ ಸುರಕ್ಷತೆಗೆ ಧಕ್ಕೆ ಎಂಬುದು ಕಂಪನಿಗಳ ವಾದವಾಗಿತ್ತು. ಸಂಜ್ಞೆಯ ತಂತಿಗೆ ಬಲ್ಬು ಮುಟ್ಟಿಸಿದ ಉದಾಹರಣೆ ನೋಡಿದರೆ ಆ ವಾದದಲ್ಲಿ ಹುರುಳಿಲ್ಲದೆ ಇಲ್ಲ. ಆದರೆ ತರಬೇತಿಯಿಲ್ಲ ಎಂದು ಪುಸ್ತಕ ಕೊಡದಿರುವುದು, ಪುಸ್ತಕವಿಲ್ಲದ್ದರಿಂದ ತರಬೇತಿ ಆಗದಿರುವುದು ಎರಡೂ ಒಂದಕ್ಕೊಂದು ನೆಪವಾಗಿ ನಿಂತಿದ್ದವು. ದಂಡದ ವಿಷಯ ಮೇಲ್ಮನವಿ ನ್ಯಾಯಮಂಡಳಿ, ಹೈಕೋರ್ಟುಗಳ ಮೆಟ್ಟಿಲೇರಿತು. 2022ರಲ್ಲಿ ಕೇಂದ್ರದ ಗ್ರಾಹಕ ವ್ಯವಹಾರ ಇಲಾಖೆ 'ರಿಪೇರಿಯ ಹಕ್ಕು' ಎಂಬ ಜಾಲತಾಣ ತೆರೆದು, ಅದರ ವ್ಯಾಪ್ತಿಯ ನಾಲ್ಕು ಕ್ಷೇತ್ರಗಳಲ್ಲಿ ಮೋಟಾರು ವಾಹನಗಳನ್ನೂ ಸೇರಿಸಿತು.

ಅಷ್ಟರಲ್ಲಿ ಮಾರುಕಟ್ಟೆ ತನ್ನದೇ ದಾರಿ ಹುಡುಕಿಕೊಂಡಿತ್ತು. ಮೊಬೈಲ್ ಫೋನಿಗೆ ಜೋಡಿಸುವ ಅಗ್ಗದ ಒಬಿಡಿ ಸಾಧನಗಳು ಬಂದವು. ಸಂಕೇತ ಓದುವುದು ಈಗ ಯಾರಿಗೂ ಸಾಧ್ಯ. ಹಾಗಾಗಿ ಸಂಕೇತ ಓದುವವನಿಗೂ ದೋಷ ಹುಡುಕುವವನಿಗೂ ಇರುವ ವ್ಯತ್ಯಾಸ ಮೊದಲಿಗಿಂತ ಎದ್ದು ಕಾಣುತ್ತಿದೆ.

ಈಚಿನ ವರ್ಷಗಳಲ್ಲಿ ಬೆಳಗಾವಿಗೆ ಸಿಎನ್‌ಜಿ ಬಂದ ಮೇಲೆ ಕಿಡಿಯ ದೂರುಗಳಿಗೆ ಹೊಸದೊಂದು ಸೇರಿದೆ. ಪೆಟ್ರೋಲಿನ ಮೇಲೆ ಹೂವಿನಂತೆ ಓಡುವ ಕಾರು ಗ್ಯಾಸಿಗೆ ಹಾಕಿದ ಕೂಡಲೇ ಏರಿನಲ್ಲಿ ಮಿಸ್ಸಿಂಗ್ ಹೊಡೆಯುತ್ತದೆ. ಅನುಮಾನ ಮೊದಲು ಹೋಗುವುದು ಗ್ಯಾಸ್ ಕಿಟ್ಟಿನ ಮೇಲೆ. ಆದರೆ ಗ್ಯಾಸಿನ ಮಿಶ್ರಣವನ್ನು ಹೊತ್ತಿಸಲು ಪೆಟ್ರೋಲಿಗಿಂತ ಹೆಚ್ಚಿನ ವೋಲ್ಟೇಜು ಬೇಕು. ಪ್ಲಗ್ಗಿನ ತುದಿ ಸವೆದು ಅಂತರ ಹೆಚ್ಚಿದ್ದರೆ, ಕಾಯಿಲಿನ ರಬ್ಬರ್ ತೊಟ್ಟಿಯಲ್ಲಿ ಸಣ್ಣ ಬಿರುಕಿದ್ದರೆ ಪೆಟ್ರೋಲಿನಲ್ಲಿ ಅಡಗಿದ್ದ ದೋಷ ಗ್ಯಾಸಿನಲ್ಲಿ ಬಯಲಾಗುತ್ತದೆ. ಏರಿನ ಮಧ್ಯೆ ಸ್ವಿಚ್ಚೊತ್ತಿ ಮತ್ತೆ ಪೆಟ್ರೋಲಿಗೆ ತಂದು ನೋಡಿ, ಮಿಸ್ಸಿಂಗ್ ನಿಂತರೆ ಕಿಟ್ಟಿಗೆ ಕೈ ಹಾಕುವ ಮುನ್ನ ಪ್ಲಗ್ಗು ಬಿಚ್ಚಿ, ಕಾಯಿಲಿನ ರಬ್ಬರನ್ನು ಬೆಳಕಿಗೆ ಹಿಡಿದು ನೋಡಬೇಕು. ಕಿಡಿ ಸೋರಿದ ಕಡೆ ಪೆನ್ಸಿಲ್ಲಿನಿಂದ ಎಳೆದಂಥ ಒಂದು ತೆಳು ಕಪ್ಪು ಗೆರೆ ಇರುತ್ತದೆ.